ಮೊದಲ ಗುಟುಕಿಗೆ ದಕ್ಕದ ಬಿಳಿ ವೈನು

ನಮ್ಮ ರೈತರಿಗೆ ಬೋರ್ಡೋ ಅಂದರೆ ವೈನಲ್ಲ, ಔಷಧಿ. ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ನೀಲಿ ದ್ರಾವಣ. ಅಡಿಕೆಯ ಕೊಳೆರೋಗಕ್ಕೆ ಅದನ್ನು ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಮುಂದೆ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬರುವುದರಲ್ಲೂ ಅದೇ ಕೋಲ್ಮನ್ ಕೈಯಿತ್ತು. ಮಂಡ್ಯ ಪಕ್ಕದ ಹೊಳಲಿನಲ್ಲಿ, ವಿ.ಸಿ. ನಾಲೆಯ ನೀರು ಕುಡಿದು ಬೆಳೆದ ಕಬ್ಬು ಭತ್ತದ ಮನೆಯಲ್ಲಿ ಹುಟ್ಟಿದ ನನಗೆ ಈ ಎರಡು ಸಂಗತಿ ಚಿಕ್ಕಂದಿನಿಂದ ಗೊತ್ತು. ಅದೇ ಬೋರ್ಡೋ ಫ್ರಾನ್ಸಿನ ಒಂದು ಊರೆಂದೂ, 1885ರ ಹೊತ್ತಿಗೆ ಅಲ್ಲಿನ ವಿಶ್ವವಿದ್ಯಾಲಯದ ಮಿಲ್ಲಾರ್ಡೆ ಎಂಬ ಪ್ರಾಧ್ಯಾಪಕ ದ್ರಾಕ್ಷಿಯ ಬೂಜು ರೋಗಕ್ಕೆ ಈ ದ್ರಾವಣ ಕಂಡುಕೊಂಡನೆಂದೂ ತಿಳಿದದ್ದು ಬೆಂಗಳೂರಿನ ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ ಹಿಡಿದ ಮೇಲೆ.

ಆ ಕೆಲಸದಲ್ಲಿ ಗಿರಾಕಿಗಳು ಕೇಳುವ ಮೊದಲ ಪ್ರಶ್ನೆ, ಇದು ಯಾವ ದ್ರಾಕ್ಷಿ? ಆಸ್ಟ್ರೇಲಿಯಾದ್ದೋ ನಾಸಿಕದ್ದೋ ಆದರೆ ಉತ್ತರ ಬಾಟಲಿಯ ಮೇಲೇ ಇರುತ್ತದೆ. ಬೋರ್ಡೋದ ಬಿಳಿ ವೈನಿನ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಎಸ್ಟೇಟಿನ ಹೆಸರು, ಸೀಮೆಯ ಹೆಸರು, ಇಸವಿ, ಅಷ್ಟೇ. ಒಳಗಿರುವುದು ಎರಡೋ ಮೂರೋ ತಳಿ: ಸೋವಿನ್ಯೋನ್ ಬ್ಲಾಂಕ್, ಸೆಮಿಯೋನ್, ಜೊತೆಗೆ ಚೂರು ಮಸ್ಕಡೆಲ್. ಯಾವುದು ಎಷ್ಟು ಎಂಬುದು ವರ್ಷಕ್ಕೊಂದು ಥರ. ಹೀಗಂದರೆ ಗಿರಾಕಿಯ ಮುಖ ಸಣ್ಣದಾಗುತ್ತಿತ್ತು. ಮಿಶ್ರಣ ಅಂದ ಕೂಡಲೇ ಹಾಲಿಗೆ ನೀರು ಬೆರೆಸಿದ್ದೇ ನೆನಪಾಗುವ ದೇಶ ನಮ್ಮದು.

ಈ ಅನುಮಾನ ನನ್ನಲ್ಲಿ ಕರಗಿದ್ದು ಒಂದು ಕೊಯ್ಲಿನ ಕಾಲದಲ್ಲಿ. ಗರೋನ್ ಮತ್ತು ದೋರ್ದೋನ್ಯ್ ನದಿಗಳ ನಡುವಿನ ಆಂತ್ರ್-ದ-ಮೇರ್ ಎಂಬ ಸೀಮೆಯಲ್ಲಿ ಒಂದು ಚಿಕ್ಕ ಕುಟುಂಬದ ತೋಟಕ್ಕೆ ಕೆಲಸಕ್ಕೆ ಹೋದೆ. ಕೊಯ್ಲು ಮುಗಿದರೂ ಚಳಿಗಾಲ ಕಳೆಯುವವರೆಗೆ ಉಳಿದೆ. 1937ರಿಂದ ಆ ಸೀಮೆಯ ಹೆಸರು ಬಿಳಿ ವೈನಿಗೆ ಕಾನೂನಿನ ರಕ್ಷಣೆ ಪಡೆದಿದೆ. ಗುಡ್ಡ ಅನ್ನಲಾಗದ ಏರು, ಹಳ್ಳ ಅನ್ನಲಾಗದ ಇಳುಕಲು, ನಡುವೆ ಕಾಡಿನ ತುಂಡುಗಳು. ಕೊಯ್ಲು ಬೆಳಕು ಹರಿಯುವ ಮೊದಲೇ. ಬಿಸಿಲೇರಿದ ಹಣ್ಣು ಒತ್ತುಯಂತ್ರ ಸೇರುವಷ್ಟರಲ್ಲಿ ಕಂದು ತಿರುಗಿ ಪರಿಮಳ ಕಳೆದುಕೊಳ್ಳುತ್ತದೆಂಬ ಭಯ.

ಬೆಳಗಿನ ತಿಂಡಿಗೆ ಕೂತಾಗ ತೋಟದ ಯಜಮಾನ ಎರಡು ಗೊಂಚಲು ತಂದಿಟ್ಟ. ಮೊದಲನೆಯದು ಸೋವಿನ್ಯೋನ್, ಕಾಯಿ ಸಣ್ಣ, ಹಸಿರು, ಬಿಗಿ. ಅಗಿದರೆ ಹುಳಿಸಿಹಿ, ಬೇರೇನಿಲ್ಲ. ಅವನು ಕೈಯೆತ್ತಿ ತಡಿ ಅಂದ. ನುಂಗಿ ಅರ್ಧ ನಿಮಿಷ ಕಳೆದಿರಬಹುದು, ಖಾಲಿ ಬಾಯಲ್ಲಿ ಚಕ್ಕೋತದ ಸಿಪ್ಪೆ ಹಿಂಡಿದಂಥ ಪರಿಮಳ ಎದ್ದಿತು. ಹಣ್ಣಿನಲ್ಲಿ ಆ ವಾಸನೆ ಕಟ್ಟಿಹಾಕಿದ ಸ್ಥಿತಿಯಲ್ಲಿರುತ್ತದೆ, ಮೂಗಿಗೆ ಸಿಗುವುದಿಲ್ಲ. ಎಂಜಲು ತಾಗಿದಾಗ ಒಂದಿಷ್ಟು ಬಿಡುಗಡೆಯಾಗುತ್ತದೆ, ಯೀಸ್ಟ್ ತಾಗಿದಾಗ ಬಹಳಷ್ಟು. ಇದರ ಹಿಂದಿನ ರಸಾಯನ ಬಿಡಿಸಿದವರು ಬೋರ್ಡೋ ವಿಶ್ವವಿದ್ಯಾಲಯದ ದೆನಿ ದುಬೂರ್ದ್ಯೂ ಮತ್ತು ಅವರ ಜೊತೆ ಕೆಲಸ ಮಾಡಿದ ಜಪಾನಿನ ತಕಾತೋಶಿ ತೊಮಿನಾಗಾ. ಥಯಾಲ್ ಎಂಬ ಗಂಧಕದ ಸಂಯುಕ್ತಗಳು ಅವು. ಅವುಗಳಲ್ಲಿ ಒಂದಂತೂ ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ತಮಾಷೆಯೆಂದರೆ ಈ ಥಯಾಲ್‌ಗಳ ಶತ್ರು ತಾಮ್ರ. ಕೊಯ್ಲು ಹತ್ತಿರವಾದಾಗ ಬೋರ್ಡೋ ದ್ರಾವಣ ಹೊಡೆದರೆ ಅದರ ತಾಮ್ರ ರಸದಲ್ಲುಳಿದು ಇವನ್ನು ಹಿಡಿದುಹಾಕುತ್ತದೆ. ಹಾಗಾಗಿ ಬೋರ್ಡೋದ ಸೋವಿನ್ಯೋನ್ ಬೆಳೆಗಾರ ಆ ಹೊತ್ತಿಗೆ ಬೋರ್ಡೋ ದ್ರಾವಣದಿಂದ ದೂರ ಇರುತ್ತಾನೆ.

ಎರಡನೆಯ ಗೊಂಚಲು ಸೆಮಿಯೋನ್. ತೆಳು ಸಿಪ್ಪೆ, ಹೊಂಬಣ್ಣ, ದಪ್ಪ ಕಾಯಿ. ಹುಳಿ ಕಡಿಮೆ, ಪರಿಮಳ ಇಲ್ಲವೇ ಇಲ್ಲ ಎನ್ನಬಹುದು. ಬಾಯಲ್ಲಿ ಮಾತ್ರ ಒಂದು ಮಂದ, ಒಂದು ನುಣುಪು. ಅರ್ಧ ನಿಮಿಷ ಕಾದೆ, ಏನೂ ಏಳಲಿಲ್ಲ. ಇದನ್ನು ಯಾಕೆ ಬೆಳೆಯುತ್ತೀರಿ ಅಂತ ಕೇಳಿದರೆ ಯಜಮಾನ ನಕ್ಕು ಫೆಬ್ರವರಿಗೆ ಹೇಳುತ್ತೇನೆ ಅಂದ.

ಫೆಬ್ರವರಿಯಲ್ಲಿ ಹೇಳಿದ್ದು ಮಾತಿನಲ್ಲಲ್ಲ. ಗೋದಾಮಿನ ಪಕ್ಕದ ಚಳಿ ಕೋಣೆ, ಉದ್ದ ಮೇಜು, ಮೇಲೆ ಬಿಳಿ ಕಾಗದ ಹಾಸಿತ್ತು. ಒಂದೊಂದು ತೊಟ್ಟಿಯಿಂದ ಒಂದೊಂದು ಬಾಟಲಿ ಮಾದರಿ, ಸೀಮೆಸುಣ್ಣದಲ್ಲಿ ಬರೆದ ನಂಬರು. ನೂರು ಮಿಲಿಲೀಟರಿನ ಗೆರೆ ಹಾಕಿದ ಗಾಜಿನ ಕೊಳವೆಯೊಂದು. ಮೊದಲು ಬಿಡಿಬಿಡಿಯಾಗಿ ರುಚಿ ನೋಡಬೇಕು. ಸೋವಿನ್ಯೋನ್ ಮೂಗಿಗೆ ನುಗ್ಗಿತು, ಚಕ್ಕೋತ, ಎಳೆ ದೊಣ್ಣೆಮೆಣಸಿನಕಾಯಿ, ಆಗ ತಾನೇ ಕೊಯ್ದ ಹುಲ್ಲು. ನಾಲಗೆಯ ತುದಿಯಲ್ಲಿ ಚುರುಕ್ಕೆಂದು, ನಡು ನಾಲಗೆಗೆ ಬರುವಷ್ಟರಲ್ಲಿ ಮುಗಿದೇಹೋಯಿತು. ಸೆಮಿಯೋನಿಗೆ ಆರಂಭವೇ ಇಲ್ಲ. ನಡುವಿನಿಂದ ಶುರುವಾಗಿ ಮೇಣದಂಥ, ಮಾಗಿದ ಸೇಬಿನಂಥ ಭಾರವೊಂದು ಗಂಟಲವರೆಗೂ ಇಳಿಯಿತು. ಎಪ್ಪತ್ತು ಸೋವಿನ್ಯೋನಿಗೆ ಮೂವತ್ತು ಸೆಮಿಯೋನ್ ಸುರಿದರು. ಜೋರಾಯಿತು ಅಂದಳು ಯಜಮಾನನ ಅಕ್ಕ. ಐವತ್ತಕ್ಕೆ ಐವತ್ತು. ಮಲಗಿಬಿಟ್ಟಿತು ಅಂದ ಯಜಮಾನ. ಅರವತ್ತಕ್ಕೆ ನಲವತ್ತು ಮಾಡಿದಾಗ ಇಬ್ಬರೂ ಸುಮ್ಮನಾದರು. ಆಮೇಲೆ ಸೆಮಿಯೋನಿನಿಂದ ಐದು ತೆಗೆದು ಮಸ್ಕಡೆಲ್ ಸೇರಿಸಿದರು. ಹೂವಿನ ವಾಸನೆಯ ಈ ತಳಿ ಹತ್ತು ದಾಟಿದರೆ ಗ್ಲಾಸು ಅತ್ತರಿನ ಅಂಗಡಿಯಾಗುತ್ತದೆ. ಐದಕ್ಕೆ ಅದರ ಗುರುತೇ ಸಿಗಲಿಲ್ಲ, ಆದರೆ ಅದಿಲ್ಲದ ಗ್ಲಾಸನ್ನು ಪಕ್ಕದಲ್ಲಿಟ್ಟಾಗ ಆ ಗ್ಲಾಸು ಬೋಳಾಗಿ ಕಂಡಿತು.

ನಮ್ಮಪ್ಪ ಆಲೆಮನೆಯಲ್ಲಿ ತನಿ ಕಬ್ಬಿನ ಜೊತೆ ಕೂಳೆ ಕಬ್ಬನ್ನು ಗಾಣಕ್ಕೆ ಕೊಡುತ್ತಿದ್ದದ್ದು ಅಲ್ಲಿ ನೆನಪಾಯಿತು. ಕೂಳೆಗೆ ಸಿಹಿ ಬೇಗ ಏರುತ್ತದೆ, ತನಿಗೆ ರಸ ಜಾಸ್ತಿ. ಎರಡೂ ಸೇರಿದ ಪಾಕ ಅಚ್ಚಿನಲ್ಲಿ ಚೆನ್ನಾಗಿ ಕೂರುತ್ತದೆ ಎಂದು ಅವರ ಲೆಕ್ಕ. ಅದನ್ನು ಯಾರೂ ಕಲಬೆರಕೆ ಅಂದವರಿಲ್ಲ.

ಆ ಮೇಜಿನಲ್ಲಿ ನಾನು ಕಲಿತದ್ದನ್ನೇ ಇವತ್ತಿಗೂ ಹೊಸ ಹುಡುಗರಿಗೆ ಹೇಳಿಕೊಡುತ್ತೇನೆ. ಈ ಥರದ ವೈನನ್ನು ಮೊದಲ ಗುಟುಕಿನಲ್ಲಿ ಅಳೆಯಬೇಡಿ. ಮೊದಲ ಗುಟುಕು ಯಾವತ್ತೂ ಸೋವಿನ್ಯೋನಿನದು. ಒಂಟಿ ತಳಿಯ ಸೋವಿನ್ಯೋನ್ ಪಕ್ಕದಲ್ಲಿಟ್ಟು ಸ್ಪರ್ಧೆಗೆ ಬಿಟ್ಟರೆ ಮಿಶ್ರಣ ಸೋಲುತ್ತದೆ, ಅಬ್ಬರ ಕಡಿಮೆ. ಅರ್ಧ ಗ್ಲಾಸು ಇಳಿದು, ಊಟ ನಡೆಯುತ್ತ, ಮಾತು ಹೊರಳಿ, ವೈನಿನ ಕಡೆ ಗಮನ ತಪ್ಪಿದಾಗ ಅದರ ಸ್ವಭಾವ ಹೊರಬೀಳುತ್ತದೆ. ಯಾರ ಬಾಟಲಿ ಮೊದಲು ಖಾಲಿಯಾಯಿತು ಎಂದು ಮೇಜು ಎತ್ತುವವನಿಗೆ ಗೊತ್ತು, ಹೊಗಳಿದವನಿಗಲ್ಲ.

ಈ ವೈನಿಗೆ ಇಷ್ಟು ಒಳ್ಳೆಯ ಗುಣವಿದ್ದರೆ ಹೆಸರು ಯಾಕಿಲ್ಲ? ಬೋರ್ಡೋ ಅಂದರೆ ಕೆಂಪು ಎಂದು ಲೋಕ ತೀರ್ಮಾನಿಸಿದೆ; ಇವತ್ತು ಅಲ್ಲಿ ಬಿಳಿಯ ಪಾಲು ಸುಮಾರು ಹತ್ತರಲ್ಲೊಂದು. ಆದರೆ 1960ರ ದಶಕದವರೆಗೂ ಅಲ್ಲಿ ಬಿಳಿ ದ್ರಾಕ್ಷಿಯದೇ ಮೇಲುಗೈ. 1956ರ ಫೆಬ್ರವರಿಯ ಕಡು ಹಿಮಕ್ಕೆ ಬಹಳಷ್ಟು ಬಳ್ಳಿಗಳು ಸತ್ತವು. ಮರುನಾಟಿಯಲ್ಲಿ ಕೆಂಪು ನುಗ್ಗಿತು. ಉಳಿದ ಬಿಳಿಯೂ ಆಗ ಹೇಳಿಕೊಳ್ಳುವಂತಿರಲಿಲ್ಲ. ಗಂಧಕದ ಹೊಗೆ ಜಾಸ್ತಿ, ಸಪ್ಪೆ, ಅರೆ ಸಿಹಿ. ಅದನ್ನು ಎತ್ತಿ ನಿಲ್ಲಿಸಿದ್ದು ಮುಂಚೆ ಹೇಳಿದ ದುಬೂರ್ದ್ಯೂ. 2016ರಲ್ಲಿ ತೀರಿಕೊಂಡ ಅವರು ಪಾಠ ಮಾತ್ರ ಮಾಡಲಿಲ್ಲ, ಕ್ಲೋ ಫ್ಲೋರಿದೆನ್ ಎಂಬ ತನ್ನದೇ ತೋಟದಲ್ಲಿ ಸೆಮಿಯೋನ್, ಸೋವಿನ್ಯೋನ್ ಕೂಡಿಸಿ ಮಾಡಿಯೂ ತೋರಿಸಿದರು. ರಸವನ್ನು ತಣ್ಣಗೆ ತಿಳಿಯಾಗಿಸುವುದು, ಉಕ್ಕಿನ ತೊಟ್ಟಿಯಲ್ಲಿ ನಿಧಾನ ಹುದುಗಿಸುವುದು, ತಳಕ್ಕಿಳಿದ ಯೀಸ್ಟನ್ನು ಚೆಲ್ಲದೆ ಅದರ ಮೇಲೇ ವೈನನ್ನು ಮಲಗಿಸುವುದು, ಈ ಶಿಸ್ತೆಲ್ಲ ಅವರ ಕಾಲದ್ದು. ಬೆರೆಸುವುದರಲ್ಲಿ ಇನ್ನೊಂದು ಲಾಭವನ್ನು ರೈತರ ಮನೆಯವನಾಗಿ ನಾನು ಮರೆಯಲಾರೆ: ಎರಡು ತಳಿ ಒಟ್ಟಿಗೆ ಮಾಗುವುದಿಲ್ಲ. 2017ರ ಏಪ್ರಿಲ್ ಹಿಮಕ್ಕೆ ಬೋರ್ಡೋದ ಇಳುವರಿ ಹಿಂದಿನ ವರ್ಷಕ್ಕಿಂತ ಸುಮಾರು ಶೇ. 40 ಕುಸಿಯಿತು. ಅಂಥ ವರ್ಷ ಒಂದು ಕೈಕೊಟ್ಟರೆ ಇನ್ನೊಂದು ಬಾಗಿಲು ತೆರೆದಿರುತ್ತದೆ.

ನಮ್ಮಲ್ಲಿ ಇದರ ನೆಂಟರಿಲ್ಲವೇ? ಇದ್ದಾರೆ. ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಫ್ರೆಂಚ್ ತಳಿಗಳನ್ನು ನೆಟ್ಟು 1988ರಲ್ಲಿ ಕಂಪನಿ ಕಟ್ಟಿದರು. 1992ಕ್ಕೆ ಮೊದಲ ವೈನ್ ಬಂತು. 1990ರ ದಶಕದ ನಡುವೆ ಬೋರ್ಡೋದ ಮಿಶೆಲ್ ರೋಲಾಂ ಅವರ ಸಲಹೆಗಾರರಾದರು. ಅಲ್ಲಿ ವಿಯೋನ್ಯೇ ಜೊತೆ ಕ್ಲೇರೆತ್ ಕೂಡಿಸಿದ ಬಿಳಿ ವೈನೊಂದು ಬರುತ್ತಿತ್ತು. ಎರಡೂ ದಕ್ಷಿಣ ಫ್ರಾನ್ಸಿನ ತಳಿಗಳು, ಒಂದಕ್ಕೆ ಪರಿಮಳ, ಒಂದಕ್ಕೆ ಹಗುರ. ನನ್ನ ಮಟ್ಟಿಗೆ ಅದು ಬೆಂಗಳೂರಿನ ಅತ್ಯಂತ ಸಭ್ಯ ಬಾಟಲಿಗಳಲ್ಲಿ ಒಂದಾಗಿತ್ತು. ಆದರೆ ನಮ್ಮ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಬಾರಿ ಸವರಿ, ಒಂದೇ ಬಾರಿ, ಬೇಸಿಗೆ ಕಾಯುವ ಮೊದಲು ಹಣ್ಣು ತೆಗೆಯಬೇಕು. ಬಿಸಿಲಿಗೆ ಹುಳಿ ಬೇಗ ಕರಗುತ್ತದೆ. ಹಾಗಾಗಿ ಸೆಮಿಯೋನಿನಂಥ ಮೊದಲೇ ಹುಳಿ ಕಮ್ಮಿಯಿರುವ ತಳಿಗೆ ನಮ್ಮ ತೋಟಗಾರರು ಕೈಹಾಕದೆ ಶೆನಿನ್ ಬ್ಲಾಂಕ್, ಸೋವಿನ್ಯೋನ್ ಕಡೆ ಒಲಿದದ್ದರಲ್ಲಿ ಅರ್ಥವಿದೆ. 2007ರ ರಾಜ್ಯ ವೈನ್ ನೀತಿಯ ನಂತರ ಮೈಸೂರು ರಸ್ತೆಯ ಚನ್ನಪಟ್ಟಣದ ಹತ್ತಿರವೂ ವೈನರಿಯೊಂದು ಎದ್ದಿದೆ. ಮದ್ದೂರಿನವರು ವಡೆ ಪೊಟ್ಟಣ ಕಟ್ಟಿಸಿಕೊಂಡು ಹೋಗುವಷ್ಟು ದೂರ.

ವಡೆ ಅಂದೆನಲ್ಲ, ಅದರ ಜೊತೆ ಬೋರ್ಡೋದ ಈ ಬಿಳಿ ಮಿಶ್ರಣ ಚೆನ್ನ. ಈರುಳ್ಳಿ, ರವೆ, ಎಣ್ಣೆಯ ಗರಿಗೆ ಸೋವಿನ್ಯೋನಿನ ಹುಳಿ ಬೇಕು. ಬೋರ್ಡೋದವರು ಇದನ್ನು ಆರ್ಕಾಶೋನ್ ಕೊಲ್ಲಿಯ ಹಸಿ ಸಿಂಪಿಯ ಜೊತೆ, ಪಕ್ಕದಲ್ಲಿ ಬಿಸಿ ಸಾಸೇಜು ಇಟ್ಟುಕೊಂಡು ಕುಡಿಯುತ್ತಾರೆ. ಉಪ್ಪು, ಜಿಡ್ಡು, ಬಿಸಿ, ತಣ್ಣಗೆ, ಎಲ್ಲ ಒಂದೇ ತಟ್ಟೆಯಲ್ಲಿ. ಆ ತಟ್ಟೆ ನೋಡಿದ ಮೇಲೆ ನಮ್ಮೂರಿನ ಊಟವನ್ನು ಇದರ ಎದುರು ಇಡುವ ಧೈರ್ಯ ಬಂತು. ಹೊಳಲಿನ ಮನೆಯಲ್ಲಿ ಮುದ್ದೆ, ಉಪ್ಸಾರು, ಒಣಮೆಣಸಿನ ಖಾರ, ಇನ್ನೊಂದು ಕಡೆ ನಾಟಿಕೋಳಿ ಸಾರು. ಕೆಂಪು ವೈನ್ ಖಾರದ ಎದುರು ಕೆಡುತ್ತದೆ. ಅದರ ಒಗರು ಮೆಣಸಿನ ಉರಿಯನ್ನು ಎಬ್ಬಿಸುತ್ತದೆ. ಬಿಳಿ ಮಿಶ್ರಣದಲ್ಲಿ ಒಗರಿಲ್ಲ. ಉಪ್ಸಾರಿನ ಬೆಳ್ಳುಳ್ಳಿ, ಸೊಪ್ಪಿನ ಹಸಿರಿಗೆ ಸೋವಿನ್ಯೋನ್ ಕೈಜೋಡಿಸುತ್ತದೆ, ಖಾರದ ಮೇಲೆ ಸೆಮಿಯೋನಿನ ನುಣುಪು ಹರಡುತ್ತದೆ. ಹುಣಸೆ ಹುಳಿ ಜೋರಾದ ಕೆರೆಮೀನಿನ ಸಾರಿನ ಎದುರು ಮಾತ್ರ ವೈನು ತೆಳುವಾಗಿ ಕಾಣುತ್ತದೆ. ಸಾರಿನ ಹುಳಿ ವೈನಿನದಕ್ಕಿಂತ ಮೇಲಾದರೆ ವೈನು ಸೋತಂತೆ. ಹಿತಕಿದವರೆ ಸಾರಿಗೆ ನನ್ನ ಪೂರ್ಣ ಅಂಕ. ಸೊಗಡಿನ ಅವರೆಗೂ ಸೋವಿನ್ಯೋನಿನ ಹಸಿ ವಾಸನೆಗೂ ಏನೋ ರಕ್ತಸಂಬಂಧವಿರಬೇಕು. ಕೋಳಿಸಾರು ತಿಂದು ಎರಡು ಗ್ಲಾಸು ಮುಗಿಸಿದ ಚಿಕ್ಕಪ್ಪನ ತೀರ್ಪು ಬೇರೆಯೇ ಇತ್ತು: “ಇಷ್ಟ್ ದುಡ್ಡ್ ಕೊಟ್ಟೂ ಏರ್ನಿಲ್ಲ ಅಂದ್ರೆ ಏನ್ಲಾ ಉಪಯೋಗ?” ಮೂರನೆಯದನ್ನು ಅವರೇ ಬಗ್ಗಿಸಿಕೊಂಡರು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ದುಡ್ಡಿನ ವಿಷಯದಲ್ಲಿ ಅವರ ಮಾತು ತೆಗೆದುಹಾಕುವಂಥದ್ದಲ್ಲ. ಆಮದು ವೈನಿನ ಮೇಲೆ ದೇಶ ಬಹುಕಾಲ ಹಾಕಿಕೊಂಡು ಬಂದದ್ದು ಶೇ. 150ರ ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ. ಅಲ್ಲಿ ದಿನದೂಟಕ್ಕೆ ಕುಡಿಯುವ ಬಾಟಲಿ ಇಲ್ಲಿ ಮದುವೆ ವಾರ್ಷಿಕೋತ್ಸವದ ಬಾಟಲಿಯಾಗುತ್ತದೆ. ಬೋರ್ಡೋದ್ದೇ ಆದ ಪೆಸಾಕ್-ಲೆಯೋನ್ಯಾನ್ ಸೀಮೆಯ ದುಬಾರಿ ಬಿಳಿಗಳು, ಓಕ್ ಪೀಪಾಯಿಯಲ್ಲಿ ಹುದುಗಿ ಹತ್ತು ವರ್ಷ ದಾಟಿ ಬಾಳುವಂಥವು, ದೊಡ್ಡ ವೈನುಗಳು ನಿಜ. ನಮ್ಮ ಸಾರಿನ ಎದುರು ಅವುಗಳ ಓಕಿನ ವಾಸನೆ ಅಡ್ಡ ಬರುತ್ತದೆ. ಆಂತ್ರ್-ದ-ಮೇರಿನ ಸಾದಾ ಬಾಟಲಿ ಸಾಕು. ಇಸವಿ ನೋಡಿ, ಎರಡು ಮೂರು ವರ್ಷಕ್ಕಿಂತ ಹಳೆಯದಾದರೆ ಬಿಡಿ. ಅಂಗಡಿಯ ಗಾಜಿನ ಬಾಗಿಲ ಬಿಸಿಲಿಗೆ ನಿಲ್ಲಿಸಿದ್ದು ಬೇಡ, ಮಂಡ್ಯದ ಏಪ್ರಿಲ್ಲಿನಲ್ಲಿ ಕಾರಿನ ಡಿಕ್ಕಿಯಲ್ಲಿಟ್ಟು ಮರೆಯುವುದೂ ಬೇಡ; ಒಂದೇ ಮಧ್ಯಾಹ್ನಕ್ಕೆ ಬೆಂದ ಹಣ್ಣಿನ ವಾಸನೆ ಹಿಡಿಯುತ್ತದೆ.

ಐಸಿನಂತೆ ಕೊರೆಯುವಷ್ಟು ತಣ್ಣಗೆ ಮಾಡುವುದು ನಮ್ಮ ಹೋಟೆಲುಗಳ ರೂಢಿ. ಹತ್ತು ಡಿಗ್ರಿಯ ಆಸುಪಾಸು ಸರಿ. ಅದಕ್ಕಿಂತ ಕೆಳಗೆ ಹೋದರೆ ಸೆಮಿಯೋನ್ ಮರಗಟ್ಟಿ ಹುಳಿಯಷ್ಟೇ ಉಳಿಯುತ್ತದೆ. ಮನೆಯ ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟರೆ ತಾನೇ ಸರಿಹೋಗುತ್ತದೆ. ಒಂದೇ ದಿನ ಮುಗಿಸಬೇಕೆಂಬ ಆತುರವೂ ಬೇಡ. ಮುಚ್ಚಳ ತಿರುಗಿಸಿ ಫ್ರಿಜ್ಜಿನಲ್ಲಿಟ್ಟರೆ ಮಾರನೆಯ ದಿನಕ್ಕೆ ಚಕ್ಕೋತದ ಜೋರು ಅರ್ಧಕ್ಕಿಳಿದು, ಮೇಣ, ಸೇಬು, ಒಂಚೂರು ಜೇನು ಮುಂದೆ ಬಂದಿರುತ್ತದೆ. ಅತಿಥಿಗಳಿಗೆ ಮೊದಲ ದಿನದ್ದು ಕೊಡುತ್ತೇನೆ. ನನ್ನ ಉಪ್ಸಾರಿಗೆ ಎರಡನೆಯ ದಿನದ್ದು.