ಪತ್ತು ಮತ್ತು ತಾರಣ: ವಿಕೇಂದ್ರಿತ ಸಾಲಪೇಟೆಯ ಒಂದು ಪಾಠ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ವಿದ್ಯಾರ್ಥಿಗಳಿಗೆ ಸಾಲದ ವ್ಯವಹಾರದ ಎರಡು ಮಾತುಗಳು ಚಿರಪರಿಚಿತ. ಮೊದಲನೆಯದು 'ಪತ್ತು'. ಮರಾಠಿಯಲ್ಲಿ ಇದು 'ಪತ'. ಅಲ್ಲಿಯ 'ಪತಸಂಸ್ಥೆ'ಯೇ ಕನ್ನಡದ 'ಪತ್ತಿನ ಸಹಕಾರಿ ಸಂಘ'. ಸಾಲವನ್ನು ಮರಳಿಸುವನೆಂದು ಊರು ಒಬ್ಬನ ಮೇಲಿಡುವ ನಂಬಿಕೆಯೇ ಪತ್ತು. ಎರಡನೆಯದು 'ತಾರಣ'. 'ಸೋನೆ ತಾರಣ ಕರ್ಜ' ಎಂಬ ಮರಾಠಿ ಫಲಕದಲ್ಲಿ ಅದರ ಅರ್ಥ ಅಡವು ಅಥವಾ ಒತ್ತೆ. ಪತ್ತು ವ್ಯಕ್ತಿಯನ್ನು ನಂಬುತ್ತದೆ. ತಾರಣ ವಸ್ತುವನ್ನು ನಂಬುತ್ತದೆ.

ಈ ಭೇದ ಹಳೆಯದು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನು ತನ್ನ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿ ಹೊಣೆ ನಿಲ್ಲುವ 'ಪ್ರತಿಭೂ'ವನ್ನೂ ಒತ್ತೆಯಾದ 'ಆಧಿ'ಯನ್ನೂ ಬೇರೆಬೇರೆಯಾಗಿ ವಿಚಾರಿಸಿದ್ದಾನೆ. ಇಂದು 'ಡಿಫೈ' ಎಂಬ ಹೆಸರಿನಲ್ಲಿ ತರುಣರ ಮೊಬೈಲಿನವರೆಗೂ ಬಂದಿರುವ ವಿಕೇಂದ್ರಿತ ಸಾಲಪೇಟೆಯನ್ನು ಅರಿಯಲು ಇದೇ ಭೇದ ನೆರವಾಗುತ್ತದೆ. ಸಾಲಗಾರನ ಪತ್ತನ್ನು ಕೇಳದೆ, ತಾರಣವೊಂದನ್ನೇ ಆಧರಿಸಿದ ಪೇಟೆಯದು.

ಪೇಟೆಯ ರಚನೆ

ಇಥೀರಿಯಂ ಜಾಲದ ಮೇಲೆ 2018ರಲ್ಲಿ ಆರಂಭವಾದ 'ಕಾಂಪೌಂಡ್', 2020ರಲ್ಲಿ ಆರಂಭವಾದ 'ಆವೇ' ಇಂಥ ಪೇಟೆಗಳಿಗೆ ಪ್ರಸಿದ್ಧ ಉದಾಹರಣೆಗಳು. ಇಲ್ಲಿ ಸಾಲದ ಅರ್ಜಿಯಿಲ್ಲ, ಮಂಜೂರು ಮಾಡುವ ಅಧಿಕಾರಿಯಿಲ್ಲ. 'ಸ್ಮಾರ್ಟ್ ಕಾಂಟ್ರಾಕ್ಟ್' ಎಂಬ ತಂತ್ರಾಂಶವೇ ಹಣವನ್ನು ಸ್ವೀಕರಿಸುತ್ತದೆ, ಸಾಲ ಕೊಡುತ್ತದೆ, ಬಡ್ಡಿ ಎಣಿಸುತ್ತದೆ. ಈಥರನ್ನಾಗಲಿ, ಡಾಲರಿನ ಬೆಲೆಗೆ ಸಮವಾಗಿರಲೆಂದು ಹೊರಡಿಸಿದ ಯುಎಸ್‌ಡಿಸಿಯನ್ನಾಗಲಿ ಒಬ್ಬನು ಅದರ ನಿಧಿಗೆ ಹಾಕಿದರೆ, ರಸೀದಿಯ ರೂಪದಲ್ಲಿ ಬೇರೊಂದು ಟೋಕನ್ ಅವನ ಕೈಸೇರುತ್ತದೆ. ಅದನ್ನು ಮರಳಿಸಿ ಅಸಲನ್ನೂ ಬಡ್ಡಿಯನ್ನೂ ಪಡೆಯಬಹುದು. ಹೀಗೆ ನಿಧಿಗೆ ಹಾಕುವುದಕ್ಕೆ ಅಲ್ಲಿ 'ಸಪ್ಲೈ' ಎಂದು ಹೆಸರು.

ಬಡ್ಡಿ ಬರುವ ದಾರಿ

ನಿಧಿಗೆ ಹಣ ಹಾಕಿದವರಿಗೆ ಬರುವ ಬಡ್ಡಿಯನ್ನು ಸಾಲ ಪಡೆದವರೇ ಕೊಡಬೇಕು. ಲೆಕ್ಕಕ್ಕಾಗಿ ಒಂದು ನಿಧಿಯಲ್ಲಿ 1,00,000 ನಾಣ್ಯಗಳಿವೆಯೆಂದೂ ಅದರಲ್ಲಿ 80,000 ಸಾಲವಾಗಿ ಹೋಗಿವೆಯೆಂದೂ ಭಾವಿಸೋಣ. ಸಾಲದ ಬಡ್ಡಿ ಶೇ. 6 ಆದರೆ ವರ್ಷಕ್ಕೆ 4,800 ಬರುತ್ತದೆ. ಅದರಲ್ಲಿ ಹತ್ತನೆಯ ಒಂದು ಪಾಲನ್ನು ಪೇಟೆಯ ಮೀಸಲಿಗೆ ತೆಗೆದರೆ 4,320 ಉಳಿಯುತ್ತದೆ. ಇದು 1,00,000ಕ್ಕೆ ಹಂಚಿಹೋಗುವುದರಿಂದ ಹಣ ಹಾಕಿದವನ ಪಾಲು ಶೇ. 4.32. ಸಾಲ ಕೇಳುವವರು ಹೆಚ್ಚಾದರೆ ದರ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಇಂದು ಕಂಡ ದರವು ನಾಳೆಗೂ ಇರುವುದೆಂಬ ವಚನವನ್ನು ಯಾರೂ ಕೊಟ್ಟಿರುವುದಿಲ್ಲ.

ತಾರಣದ ನಿಯಮ

ಸಾಲ ಬೇಕಾದವನು ಸಾಲಕ್ಕಿಂತ ಹೆಚ್ಚು ಬೆಲೆಯ ಆಸ್ತಿಯನ್ನು ಮೊದಲು ಒತ್ತೆಯಿಡಬೇಕು. ಅಷ್ಟು ಆಸ್ತಿಯಿದ್ದವನಿಗೆ ಸಾಲವೇಕೆ? ಬಂಗಾರವನ್ನು ಮಾರಲೊಲ್ಲದವನು ಅದನ್ನು ಅಡವಿಟ್ಟು ಹಣ ತರುವಂತೆ, ಈಥರನ್ನು ಮಾರಲೊಲ್ಲದವನು ಇಲ್ಲಿಗೆ ಬರುತ್ತಾನೆ. ಅವನು 1,00,000 ಬೆಲೆಯ ಈಥರ್ ಇಟ್ಟು 70,000 ಸಾಲ ತಂದನೆನ್ನೋಣ. ಸಾಲವು ಒತ್ತೆಯ ಬೆಲೆಯ ಶೇ. 80ನ್ನು ದಾಟಬಾರದೆಂಬ ನಿಯಮವಿದ್ದರೆ, ಈಥರಿನ ಬೆಲೆ 87,500ಕ್ಕಿಂತ ಕೆಳಗಿಳಿದ ಕೂಡಲೇ ಮೂರನೆಯ ಯಾರಾದರೂ ಬಂದು ಅವನ ಸಾಲವನ್ನು ಭಾಗಶಃ ತೀರಿಸಿ, ಒತ್ತೆಯನ್ನು ರಿಯಾಯಿತಿ ಬೆಲೆಗೆ ಎತ್ತಿಕೊಳ್ಳಬಹುದು. ಇದೇ 'ಲಿಕ್ವಿಡೇಷನ್'. ಇದಕ್ಕೆ ನೋಟೀಸಿಲ್ಲ, ಮುದ್ದತ್ತಿಲ್ಲ, 'ಸುಗ್ಗಿಯವರೆಗೆ ತಡೆಯಿರಿ' ಎಂಬ ಬಿನ್ನಹಕ್ಕೆ ಎಡೆಯಿಲ್ಲ. ಹಣ ಹಾಕಿದವನ ರಕ್ಷಣೆ ನಿಂತಿರುವುದು ಈ ಕಾಠಿಣ್ಯದ ಮೇಲೆಯೇ.

ನಂಬಿಕೆ ಎಲ್ಲಿ ಅಡಗಿದೆ?

ವ್ಯಕ್ತಿಯನ್ನು ನಂಬಬೇಕಾಗಿಲ್ಲವೆಂದ ಮಾತ್ರಕ್ಕೆ ನಂಬಿಕೆಯ ಅಗತ್ಯ ತೀರಿತೆಂದು ತಿಳಿಯಬಾರದು. ಅದು ಬೇರೆ ಮೂರು ಕಡೆ ಸೇರಿಕೊಂಡಿದೆ.

ಮೊದಲನೆಯದು ಬೆಲೆಯ ವರದಿ. 2020ರ ನವೆಂಬರ್ 26ರಂದು, 1 ಡಾಲರಿನ ಸುತ್ತ ಇರಬೇಕಾದ 'ಡಾಯ್' ನಾಣ್ಯದ ಬೆಲೆ ಒಂದು ವಿನಿಮಯ ಕೇಂದ್ರದಲ್ಲಿ ಕ್ಷಣಕಾಲ ಸುಮಾರು 1.30 ಡಾಲರಿಗೆ ಜಿಗಿಯಿತು. ಆ ಬೆಲೆಯನ್ನೇ ನಂಬಿದ ಕಾಂಪೌಂಡಿನಲ್ಲಿ ಡಾಯ್ ಸಾಲಗಾರರ ಋಣಭಾರ ಲೆಕ್ಕದಲ್ಲಿ ಉಬ್ಬಿ, ಕೋಟ್ಯಂತರ ಡಾಲರುಗಳ ಒತ್ತೆ ಕೈಬಿಟ್ಟುಹೋಯಿತು.

ಎರಡನೆಯದು ತಂತ್ರಾಂಶ. 2023ರ ಮಾರ್ಚ್ 13ರಂದು 'ಯೂಲರ್' ಎಂಬ ಸಾಲಪೇಟೆಯಲ್ಲಿ, ತಂತ್ರಾಂಶದಲ್ಲಿ ಇರಬೇಕಾದ ಒಂದು ತಪಾಸಣೆ ಇಲ್ಲದ್ದರಿಂದ ಸುಮಾರು 19.7 ಕೋಟಿ ಡಾಲರ್ ಅಪಹೃತವಾಯಿತು. ಕೆಲವು ವಾರಗಳಲ್ಲಿ ಬಹುಭಾಗ ಮರಳಿದ್ದು ಮಾತುಕತೆಯಿಂದ. ತಂತ್ರಾಂಶ ಸೋತಲ್ಲಿ ಮನುಷ್ಯರ ಮಾತೇ ಬೇಕಾಯಿತೆಂಬುದು ಗಮನಾರ್ಹ.

ಮೂರನೆಯದು ನಿಧಿಯ ತೆರವು. ಇದ್ದುದೆಲ್ಲ ಸಾಲವಾಗಿ ಹೋಗಿದ್ದರೆ, ಯಾರಾದರೂ ಮರಳಿಸುವವರೆಗೆ ಅಥವಾ ಹೊಸಬರು ಹಣ ಹಾಕುವವರೆಗೆ ಕಾಯಬೇಕು.

'ಠೇವಣಿ' ಎನ್ನಬಹುದೇ?

'ಸಪ್ಲೈ'ಯನ್ನು ಕನ್ನಡದಲ್ಲಿ 'ಠೇವಣಿ' ಎಂದು ಅನುವಾದಿಸುವುದು ರೂಢಿಯಾಗುತ್ತಿದೆ. ಮರಾಠಿಯ 'ಠೇವಣೆ', ಅಂದರೆ ಇಡುವುದು, ಎಂಬ ಕ್ರಿಯೆಯಿಂದ ಬಂದ ಈ ಮಾತಿಗೆ 'ಇಟ್ಟದ್ದು ಇಟ್ಟಲ್ಲಿಯೇ ಇದೆ' ಎಂಬ ಭರವಸೆ ಅಂಟಿಕೊಂಡಿದೆ. ಭಾರತದಲ್ಲಿ ಬ್ಯಾಂಕಿನ ಠೇವಣಿಗೆ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯುಂಟು. ಇಲ್ಲಿ ಹಾಕಿದ ಹಣಕ್ಕೆ ಅದು ಅನ್ವಯಿಸುವುದಿಲ್ಲ. ಇಂಥ ಆಸ್ತಿಯ ವರ್ಗಾವಣೆಯ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇ. 30 ತೆರಿಗೆಯಿದ್ದು, ನಷ್ಟವನ್ನು ಇತರ ಆದಾಯದಲ್ಲಿ ಕಳೆಯಲು ಅವಕಾಶವಿಲ್ಲ. ಆದ್ದರಿಂದ 'ಸಾಲನಿಧಿಗೆ ಹಾಕಿದ ಹಣ' ಎಂಬ ಉದ್ದನೆಯ ಮಾತೇ ಹೆಚ್ಚು ಪ್ರಾಮಾಣಿಕ. ಅದನ್ನು ಓದಿದವನು, 'ಸಾಲ ಪಡೆದವರಾರು, ಒತ್ತೆ ಯಾವುದು?' ಎಂದು ಕೇಳಿಯಾನು.

ಅಭ್ಯಾಸ

1. ಮೇಲಿನ ಶೇ. 80ರ ನಿಯಮದಂತೆ, 2,00,000 ಬೆಲೆಯ ಒತ್ತೆಯ ಮೇಲೆ 1,20,000 ಸಾಲವಿದ್ದರೆ, ಒತ್ತೆಯ ಬೆಲೆ ಎಷ್ಟಕ್ಕಿಂತ ಕೆಳಗಿಳಿದಾಗ ಅದು ಕೈಬಿಡುವ ಅಪಾಯವುಂಟು?
2. ಜಾಮೀನು, ಗಹಾಣ, ತಾರಣ, ಅಡವು: ಈ ಮಾತುಗಳು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಯಾವ ಯಾವ ಅರ್ಥದಲ್ಲಿ ಬಳಕೆಯಲ್ಲಿವೆ? ವಾಕ್ಯಗಳೊಡನೆ ಸಂಗ್ರಹಿಸಿರಿ.