ಚರ್ಮರೋಗಕ್ಕೆ ವಿಡಿಯೊ ಸಮಾಲೋಚನೆ: ಪಂಚಾಯಿತಿಯು ಒದಗಿಸಬೇಕಾದ ಬೆಳಕು ಮತ್ತು ಮರೆ

ಚರ್ಮರೋಗ ತಜ್ಞರು ಬಹುಮಟ್ಟಿಗೆ ಜಿಲ್ಲಾ ಕೇಂದ್ರಗಳಲ್ಲಿಯೇ ಇರುತ್ತಾರೆ. ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿನ ಖರ್ಚನ್ನು ಭರಿಸಿ ಅಲ್ಲಿಗೆ ಹೋಗುವುದಕ್ಕಿಂತ ಔಷಧದ ಅಂಗಡಿಯಲ್ಲಿ ಮುಲಾಮು ಕೊಳ್ಳುವುದು ಗ್ರಾಮಸ್ಥರಿಗೆ ಸುಲಭವಾಗಿ ಕಾಣುತ್ತದೆ. ಹಾಗೆ ಕೊಳ್ಳುವ ಮುಲಾಮುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ಹುಳುಕಡ್ಡಿಗೆ ಅವನ್ನು ಹಚ್ಚಿದರೆ ಮೊದಲಿಗೆ ತುರಿಕೆ ತಗ್ಗುತ್ತದೆ, ಕೆಂಪು ಮಾಸುತ್ತದೆ. ಶಿಲೀಂಧ್ರವು ಮಾತ್ರ ಹರಡುತ್ತಲೇ ಹೋಗಿ, ವೈದ್ಯರಿಗೂ ಗುರುತು ಸಿಗದಂತೆ ರೂಪ ಬದಲಿಸುತ್ತದೆ.

ಈ ಅಂತರವನ್ನು ತಗ್ಗಿಸಲು ಇರುವ ವ್ಯವಸ್ಥೆಗಳಲ್ಲಿ ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಇ-ಸಂಜೀವನಿ ಮುಖ್ಯವಾದುದು. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯು ರೋಗಿಯ ಪಕ್ಕದಲ್ಲಿದ್ದು, ದೂರದ ವೈದ್ಯರನ್ನು ವಿಡಿಯೊ ಮೂಲಕ ಸಂಪರ್ಕಿಸುತ್ತಾರೆ. ರೋಗಿಯು ಶುಲ್ಕ ಕೊಡಬೇಕಾಗಿಲ್ಲ.

ಪಕ್ಕದಲ್ಲಿರುವ ಈ ವ್ಯಕ್ತಿಯ ಕೆಲಸವು ಯಂತ್ರದ ಗುಂಡಿ ಒತ್ತುವುದಷ್ಟೇ ಎಂದು ಸದಸ್ಯರು ಭಾವಿಸಬಾರದು. ಬಿಳಿ ಮಚ್ಚೆಯ ಉದಾಹರಣೆಯನ್ನೇ ನೋಡಬಹುದು. ಚಿಬ್ಬು, ತೊನ್ನು, ಕುಷ್ಠ ಈ ಮೂರೂ ಪರದೆಯ ಮೇಲೆ ಒಂದೇ ಬಗೆಯಾಗಿ ಕಾಣಬಹುದು. ಚಿಬ್ಬನ್ನು ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ತೊನ್ನಿನ ಮಚ್ಚೆ ಹಾಲಿನಂತೆ ಬೆಳ್ಳಗಿರುತ್ತದೆ, ಸ್ಪರ್ಶಜ್ಞಾನ ಕುಂದುವುದಿಲ್ಲ. ಕುಷ್ಠದ ಮಚ್ಚೆ ಸ್ವಲ್ಪ ಮಾತ್ರ ಮಂಕಾಗಿಯೋ ಕೆಂಪಾಗಿಯೋ ಇದ್ದು, ಅಲ್ಲಿ ಸ್ಪರ್ಶವು ತಿಳಿಯದಿರುತ್ತದೆ. ಇದನ್ನು ಯಾವ ಕ್ಯಾಮೆರಾವೂ ತೋರಿಸಲಾರದು. ರೋಗಿಯು ಕಣ್ಣು ಮುಚ್ಚಿರುವಾಗ ಮಚ್ಚೆಯನ್ನು ಮೃದುವಾಗಿ ಮುಟ್ಟಿ, ತಿಳಿಯಿತೇ ಎಂದು ಕೇಳುವ ಕೈ ಅಲ್ಲಿ ಇರಲೇಬೇಕು. ಅನುಮಾನ ಬಂದರೆ ರೋಗಿಯನ್ನು ಆಸ್ಪತ್ರೆಗೆ ಕಳುಹಿಸಬೇಕು. ಕುಷ್ಠಕ್ಕೆ ಬಹು ಔಷಧ ಚಿಕಿತ್ಸೆಯು ಉಚಿತವಾಗಿದೆ. ರೋಗದ ವಿಧಕ್ಕೆ ಅನುಗುಣವಾಗಿ 6 ಅಥವಾ 12 ತಿಂಗಳು ನಡೆಯುತ್ತದೆ. ತಡವಾದರೆ ನರಗಳಿಗಾಗುವ ಹಾನಿಯಿಂದ ಕೈಬೆರಳುಗಳು ಮಡಚಿಕೊಳ್ಳಬಹುದು, ಔಷಧವು ಅವನ್ನು ಮತ್ತೆ ನೇರಗೊಳಿಸುವುದಿಲ್ಲ.

ಸಂಪರ್ಕವು ದುರ್ಬಲವಾದಾಗ ವಿಡಿಯೊ ಚಿತ್ರವು ತನ್ನ ಸೂಕ್ಷ್ಮ ವಿವರಗಳನ್ನು ಕಳೆದುಕೊಳ್ಳುತ್ತದೆ. ಚರ್ಮದ ವಿಷಯದಲ್ಲಿ ವೈದ್ಯರಿಗೆ ಬೇಕಾದುದು ಆ ವಿವರಗಳೇ. ಆದುದರಿಂದ ಮೊದಲೇ ತೆಗೆದ ಸ್ಥಿರಚಿತ್ರಗಳು ಹೆಚ್ಚು ವಿಶ್ವಾಸಾರ್ಹ: ಮೈಮೇಲೆ ಮಚ್ಚೆ ಎಲ್ಲಿದೆ ಎಂದು ತೋರಿಸಲು ದೂರದಿಂದ ಒಂದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು. ಹಳದಿ ಬಲ್ಬಿನ ಬೆಳಕಿನಲ್ಲಿ ಚರ್ಮದ ಬಣ್ಣವೇ ಬೇರೆಯಾಗುತ್ತದೆ. ಕಿಟಕಿಯ ಹಗಲು ಬೆಳಕು ಉತ್ತಮ, ಅದಿಲ್ಲದಿದ್ದರೆ ಬಿಳಿ ಎಲ್‌ಇಡಿ ದೀಪವಾದರೂ ಇರಲಿ. ದುಬಾರಿ ಕ್ಯಾಮೆರಾ ಖರೀದಿಸುವ ಪ್ರಸ್ತಾವನೆಗಳಿಗಿಂತ ಈ ದೀಪದ ಪ್ರಸ್ತಾವನೆಗೆ ಮೊದಲು ಒಪ್ಪಿಗೆ ದೊರೆಯುವುದು ಯೋಗ್ಯ.

ಚರ್ಮವನ್ನು ತೋರಿಸುವುದೆಂದರೆ ಅನೇಕ ವೇಳೆ ಬಟ್ಟೆ ಸರಿಸುವುದು. ತೊಡೆಸಂದಿಯ ಹುಳುಕಡ್ಡಿಯನ್ನು ಬಾಗಿಲು ತೆರೆದ ಕೊಠಡಿಯಲ್ಲಿ ಯಾವ ಹೆಣ್ಣುಮಗಳೂ ತೋರಿಸುವುದಿಲ್ಲ. ಒಂದು ಮರೆಪರದೆ, ಒಳಗಿನಿಂದ ಹಾಕಬಹುದಾದ ಅಗುಳಿ, ಮಹಿಳಾ ಸಿಬ್ಬಂದಿ ಅಥವಾ ಆಶಾ ಕಾರ್ಯಕರ್ತೆಯ ಉಪಸ್ಥಿತಿ ಇವು ಅವಶ್ಯ. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಆರೋಗ್ಯ ಕಾರ್ಯಕರ್ತರೇ ಸಮಾಲೋಚನೆಯನ್ನು ಆರಂಭಿಸಿದಾಗ ರೋಗಿಯ ಸ್ಪಷ್ಟ ಒಪ್ಪಿಗೆಯನ್ನು ಪಡೆಯಬೇಕು. ರೋಗಿಯ ಚಿತ್ರಗಳು ಗ್ರಾಮದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುವಂತಿಲ್ಲ, ಸಹಾಯ ಕೋರಿಯೂ ಹೋಗುವಂತಿಲ್ಲ. ಸಮಾಲೋಚನೆಯ ವೇಳೆ ಸದಸ್ಯರು ಕೊಠಡಿಯೊಳಗೆ ಇರುವುದೂ ತರವಲ್ಲ.

ಕಜ್ಜಿಯಂತಹ ರೋಗದಲ್ಲಿ ಒಬ್ಬರಿಗಷ್ಟೇ ಔಷಧ ಕೊಟ್ಟರೆ ಪ್ರಯೋಜನವಿಲ್ಲ. ತುರಿಕೆ ಇರಲಿ, ಇಲ್ಲದಿರಲಿ, ಮನೆಮಂದಿಯೆಲ್ಲರೂ ಒಂದೇ ಕಾಲದಲ್ಲಿ ಚಿಕಿತ್ಸೆ ಪಡೆಯಬೇಕು. ಹಾಸಿಗೆ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ವಿದ್ಯಾರ್ಥಿನಿಲಯದಲ್ಲಿ ಒಬ್ಬ ಬಾಲಕನಿಗೆ ಕಜ್ಜಿ ಕಂಡರೆ ನಿಲಯದ ಮೇಲ್ವಿಚಾರಕರಿಗೂ ಉಪಕೇಂದ್ರಕ್ಕೂ ನಡುವೆ ಸಂಪರ್ಕ ಕಲ್ಪಿಸುವುದು ಸದಸ್ಯರಿಂದ ಸುಲಭವಾಗಿ ಆಗುವ ಕೆಲಸ.

ಉಪಕೇಂದ್ರದ ವಿದ್ಯುತ್, ಇನ್ವರ್ಟರ್, ಅಂತರ್ಜಾಲ ಸಂಪರ್ಕಗಳ ಸ್ಥಿತಿಯನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯು ಪರಿಶೀಲಿಸಿ, ಕೊರತೆಗಳನ್ನು ಪಂಚಾಯಿತಿಯ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಸೂಚಿಸಬಹುದು. ಸಾಮಾನ್ಯ ಸಭೆಯಲ್ಲಿ ಆರೋಗ್ಯದ ವಿಷಯ ಬಂದಾಗ, ಎಷ್ಟು ವಿಡಿಯೊ ಕರೆಗಳಾದವು ಎಂಬ ಸಂಖ್ಯೆಯೊಂದಿಗೆ, ತಜ್ಞರ ಬಳಿಗೆ ಕಳುಹಿಸಿದವರಲ್ಲಿ ಎಷ್ಟು ಮಂದಿ ನಿಜವಾಗಿ ತಲುಪಿದರು ಎಂಬುದನ್ನೂ, ಹೆಸರು ಕೇಳದೆ, ಸದಸ್ಯರು ಕೇಳಬೇಕು.