ಮಣ್ಣಿನ ದಾರಿಯಲ್ಲಿ ನಿಲ್ಲಲು ಕಲಿ

ಮಗಾ, ನಿನ್ನ ಕೈಗೆ ಲೈಸೆನ್ಸ್ ಬಂತು, ಮನೆ ಮುಂದೆ ಪಿಕಪ್ ಗಾಡಿಯೂ ಬಂದು ನಿಂತಿತು. ಇನ್ನು ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಅಂತ ಬಾಡಿಗೆ ಶುರು. ಡಾಂಬರು ರಸ್ತೆಯ ಪಾಠವನ್ನು ಡ್ರೈವಿಂಗ್ ಸ್ಕೂಲಿನವರು ಹೇಳಿಕೊಟ್ಟಿದ್ದಾರೆ. ಆದರೆ ನಿನಗೆ ಬಾಡಿಗೆ ಕೊಡುವ ರೈತನ ಕಡ್ಲೆಕಾಯಿ ಮೂಟೆ, ಟೊಮೆಟೊ ಕ್ರೇಟು ಇರುವುದು ಕೆರೆ ಏರಿಯ ಆಚೆ, ಹಳ್ಳ ದಾಟಿದ ಮೇಲೆ, ಬಂಡಿ ಜಾಡಿನ ಕೊನೆಯಲ್ಲಿ. ಅಂಥ ದಾರಿಯಲ್ಲಿ ಓಡಿಸುವುದನ್ನು ಬೇಗ ಕಲಿಯುತ್ತೀಯ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಬೇಗ ಬರುವುದಿಲ್ಲ. ಸ್ಟಿಯರಿಂಗ್ ಹಿಡಿದೇ ಮುದುಕನಾದವನು ನಾನು, ಅದನ್ನು ಮಾತ್ರ ಹೇಳುತ್ತೇನೆ, ಕೇಳು.

ಮೊದಲು ಹಳ್ಳದ ಮಾತು. ನಮ್ಮ ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟದಲ್ಲಿ. ಕೊರಟಗೆರೆ ಸೀಮೆ ದಾಟಿ, ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆ ಹರಿದು, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ದಿನ ಅದರಲ್ಲಿ ಮರಳು ಬಿಟ್ಟರೆ ಏನೂ ಇರುವುದಿಲ್ಲ. ಹಾಗೆಂದೇ ಜನಕ್ಕೆ ಅದರ ಭಯ ಇಲ್ಲ. ನಮ್ಮ ಕಡೆ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದೂ ಹೆಚ್ಚಾಗಿ ಸಂಜೆ ಮೇಲೆ. ಬೆಟ್ಟದ ಕಡೆ ರಾತ್ರಿ ಸುರಿದ ಮಳೆ ಬೆಳಿಗ್ಗೆ ಬಿಸಿಲಿರುವ ಊರಿಗೆ ಬಂದು ಮುಟ್ಟುತ್ತದೆ. ಆಕಾಶ ನೋಡಿ ಹಳ್ಳಕ್ಕೆ ಇಳಿಯಬೇಡ. ಕೆರೆಗಳದ್ದೂ ಇದೇ ಲೆಕ್ಕ. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ನಿನ್ನ ದಾರಿಯನ್ನು ಕಡಿದುಕೊಂಡೇ ಕೆಳಗಿನ ಕೆರೆಗೆ ಹೋಗುವುದು.

ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ತಳ್ಳುತ್ತದೆ. ಎರಡಡಿ ಇದ್ದರೆ ನಿನ್ನ ಪಿಕಪ್ಪನ್ನೂ ಬಿಡುವುದಿಲ್ಲ, ಖಾಲಿ ಗಾಡಿಯಾದರೆ ಇನ್ನೂ ಸಲೀಸು. ಕೆಂಪು ನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ಮರಳು ತೋಡಿದ ಕಡೆ ಆಳಾಳ ಗುಂಡಿಗಳಿದ್ದರೂ ನೀರು ಸಮನಾಗಿಯೇ ಕಾಣುತ್ತದೆ. ಎದುರುಗಡೆಯಿಂದ ಟ್ರ್ಯಾಕ್ಟರ್ ದಾಟಿ ಬಂತಲ್ಲ ಅನ್ನಬೇಡ, ಅದರ ಚಕ್ರದ ಎತ್ತರವೇ ಬೇರೆ. ಗಾಡಿ ದೂರ ನಿಲ್ಲಿಸಿ, ನೀರಿನ ಅಂಚಿಗೆ ಒಂದು ಕಲ್ಲಿಟ್ಟು ಅರ್ಧ ಗಂಟೆ ಕೂತುಕೋ. ಕಲ್ಲು ಮುಳುಗಿದರೆ ವಾಪಸ್ ಹೋಗು. ನೀರು ಇಳಿಯುತ್ತಿದ್ದರೂ ನೆಲ ಕಣ್ಣಿಗೆ ಕಾಣುವವರೆಗೆ ಕಾಯಿ. ಟೊಮೆಟೊ ಮೆತ್ತಗಾದರೆ ಆಗಲಿ. ಒಂದು ದಿನದ ಬಾಡಿಗೆಗಾಗಿ ನಿನ್ನನ್ನು ನೀರಿಗೆ ಕೊಡಲು ನಿಮ್ಮಮ್ಮ ನಿನ್ನನ್ನು ಸಾಕಿಲ್ಲ.

ನೆಲ ನೋಡುವುದನ್ನೂ ಅಭ್ಯಾಸ ಮಾಡಿಕೋ. ನಮ್ಮ ಕೆಮ್ಮಣ್ಣು, ಮರಳು ಮಿಶ್ರಿತ ನೆಲ ಮಳೆ ನಿಂತ ಕೆಲವು ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಎರೆಮಣ್ಣು ಹಾಗಲ್ಲ, ಕೆರೆ ಅಂಗಳದ ಗೋಡೂ ಹಾಗಲ್ಲ. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿಯನ್ನೇ ಹಿಡಿದು ಬಿಡುತ್ತದೆ, ಅಲ್ಲಿಗೆ ಹೋಗಲು ಒಂದೆರಡು ದಿನ ಬಿಸಿಲು ಬೀಳಲಿ. ಮರಳಿನಲ್ಲಿ ಹೂತರೆ ಆಕ್ಸಿಲರೇಟರ್ ತುಳಿಯಬೇಡ, ತುಳಿದಷ್ಟೂ ಇಳಿಯುತ್ತೀಯ. ಲೋಡ್ ಇದ್ದರೆ ಮೊದಲು ಇಳಿಸು, ಚಕ್ರದ ಮುಂದಿನ ಮರಳು ಬಗೆದು ಸೊಪ್ಪು, ಕಡ್ಡಿ, ಗೋಣಿಚೀಲ ಏನು ಸಿಗುತ್ತದೋ ಹಾಕು, ಟೈರಿನ ಗಾಳಿ ಸ್ವಲ್ಪ ಬಿಡು. ಮೇಲೆ ಬಂದ ಮೇಲೆ ಮೊದಲು ಸಿಗುವ ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿಸದೆ ಲೋಡ್ ಹಾಕಬೇಡ. ಸೀಮೆಜಾಲಿ ಮುಳ್ಳು ದಾರಿಯುದ್ದಕ್ಕೂ ಇರುತ್ತದೆ, ಸ್ಟೆಪ್ನಿ ಇಲ್ಲದೆ ಹೊರಡುವುದೂ ಒಂದೇ, ಹೊರಡದಿರುವುದೂ ಒಂದೇ. ಕುಡಿಯುವ ನೀರಿನ ಕ್ಯಾನು, ದಪ್ಪ ಹಗ್ಗ, ಜಾಕಿನ ಕೆಳಗೆ ಇಡಲು ಒಂದು ಹಲಗೆ ಯಾವಾಗಲೂ ಗಾಡಿಯಲ್ಲಿರಲಿ.

ದಾರಿ ಕೇಳಲು ನಾಚಿಕೆ ಬೇಡ. ಪಾವಗಡದ ತಿರುಮಣಿ, ವಳ್ಳೂರು, ರಾಯಚೆರ್ಲು ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಿದೆ, 2018ರಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಹೊಲದ ಬದು, ಬಾವಿ, ಹುಣಸೆಮರಗಳ ಗುರುತು ಹಿಡಿದು ಓಡಾಡುತ್ತಿದ್ದವರಿಗೇ ಈಗ ಎಲ್ಲ ಕಡೆಯೂ ಒಂದೇ ಥರದ ಬೇಲಿ, ಒಂದೇ ಥರದ ಪ್ಯಾನೆಲ್ ಕಾಣುತ್ತದೆ. ಬೇಲಿ ಬಿದ್ದ ಮೇಲೆ ಮುಚ್ಚಿಹೋದ ಜಾಡನ್ನು ಮೊಬೈಲಿನ ಮ್ಯಾಪ್ ಇನ್ನೂ ದಾರಿ ಅಂತಲೇ ತೋರಿಸಬಹುದು. ಕುರಿ ಕಾಯುವವರನ್ನು ಕೇಳು. ಹಟ್ಟಿಯ ಗೊಲ್ಲರಿಗೆ ಯಾವ ಹಳ್ಳದಲ್ಲಿ ನೆನ್ನೆ ನೀರಿತ್ತು ಅನ್ನುವುದೂ ಗೊತ್ತಿರುತ್ತದೆ. ಕೇಳುವಾಗ ಎಂಜಿನ್ ಆರಿಸಿ, ಕೆಳಗಿಳಿದು, ‘ಅಣ್ಣಾ’ ಅಂತಲೋ ‘ಯಜಮಾನ್ರೇ’ ಅಂತಲೋ ಕೇಳು. ಕಿಟಕಿಯಿಂದ ಕೂಗಿ ಕೇಳಿದವನಿಗೆ ಅರ್ಧ ದಾರಿಯೇ ಸಿಗುವುದು.

ಮಂದೆ ಎದುರಾದರೆ ಹಾರನ್ ಬೇಡ. ಬೆದರಿದ ಕುರಿ ಗಾಡಿ ಕಡೆಗೇ ನುಗ್ಗುತ್ತದೆ. ಮೈದನಹಳ್ಳಿ ಕಡೆ ಮುಂಜಾನೆ ಹೋದರೆ ಕೃಷ್ಣಮೃಗ ಅಡ್ಡ ಬರುತ್ತದೆ, ಒಂದು ದಾಟಿದರೆ ಹಿಂದೆ ಇನ್ನಷ್ಟು ಇವೆ ಅಂತಲೇ ತಿಳಿ. ಮುಂದೆ ಲಾರಿ ಹೋಗಿ ಧೂಳೆದ್ದಿದ್ದರೆ ಪಕ್ಕಕ್ಕೆ ನಿಂತು ಅದು ಕೂರುವವರೆಗೆ ಕಾಯಿ. ಧೂಳಿನೊಳಗೆ ದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರ್ ಇದ್ದರೆ ಕಂಡಾಗ ಬ್ರೇಕಿಗೆ ಜಾಗ ಇರುವುದಿಲ್ಲ. ನೀನು ಎಬ್ಬಿಸುವ ಧೂಳನ್ನೂ ಯೋಚಿಸು. ಹಿಪ್ಪುನೇರಳೆ ತೋಟದ ಪಕ್ಕ ಜೋರಾಗಿ ಹೋದರೆ ಆ ಧೂಳೆಲ್ಲ ಸೊಪ್ಪಿನ ಮೇಲೆ ಕೂರುತ್ತದೆ, ಅದನ್ನು ತಿಂದ ಹುಳು ಚೆನ್ನಾಗಿ ಬೆಳೆಯುವುದಿಲ್ಲ. ನಿನಗೆ ಉಳಿದದ್ದು ಎರಡು ನಿಮಿಷ, ಅವರಿಗೆ ಹೋದದ್ದು ಒಂದು ಬೆಳೆ. ಸುಗ್ಗಿಯಲ್ಲಿ ಡಾಂಬರಿಗೆ ಬಂದರೂ ಎಚ್ಚರ ಬೇಕು. ರಸ್ತೆ ಮೇಲೆ ಹರಡಿದ ಹುರುಳಿ ಬಳ್ಳಿ ಗಾಡಿಯಡಿ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿಕೊಳ್ಳುತ್ತದೆ. ತುಳಿದು ಹೋಗಲೇಬೇಕಾದರೆ ಮುಂದೆ ನಿಲ್ಲಿಸಿ, ಬಗ್ಗಿ ನೋಡಿ, ಕಿತ್ತು ಹಾಕು.

ಸರಕಿನ ಗಾಡಿಗೆ ಜನ ಹತ್ತಿಸಬೇಡ. ಇದನ್ನು ನಾನು ಕೈಮುಗಿದು ಹೇಳುತ್ತಿದ್ದೇನೆ. 2022ರ ಮಾರ್ಚಿನಲ್ಲಿ ಪಾವಗಡದ ಹತ್ತಿರ ಪಳವಳ್ಳಿ ಕಟ್ಟೆಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸು ಉರುಳಿತು, ಸತ್ತವರಲ್ಲಿ ಓದುವ ಮಕ್ಕಳಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳ ಹತ್ತಿರ ಕೂಲಿಯವರನ್ನು ತುಂಬಿಕೊಂಡಿದ್ದ ಜೀಪು ಲಾರಿಗೆ ಡಿಕ್ಕಿಯಾಗಿ ಒಂಬತ್ತು ಜನ ಹೋದರು. ಎರಡೂ ಆದದ್ದು ಡಾಂಬರು ರಸ್ತೆಯಲ್ಲೇ. ಕಳೆ ತೆಗೆಯುವ ಹೆಂಗಸರು ‘ಊರವರೆಗೆ ಬಿಡಪ್ಪ’ ಅಂತ ಕೇಳಿದಾಗ ಇಲ್ಲ ಅನ್ನುವುದು ಕಷ್ಟ, ಗೊತ್ತು. ಕೊಚ್ಚಿದ ಜಾಡಿನಲ್ಲಿ ಒಂದು ಕಡೆಗೆ ವಾಲಿದರೆ ಮೂಟೆ ಬೀಳುತ್ತದೆ, ಮತ್ತೆ ಎತ್ತಿಡಬಹುದು. ಅವರನ್ನು ಎತ್ತಿಡಲು ಆಗುವುದಿಲ್ಲ.

ಆದರೆ ಯಾರಾದರೂ ಬಿದ್ದು ಗಾಯವಾಗಿದ್ದರೆ ನಿಲ್ಲಿಸದೆ ಹೋಗಬೇಡ. ಕೇಸು, ಕೋರ್ಟು ಅಂತ ಹೆದರಿಸುವವರಿದ್ದಾರೆ. 2019ರ ಮೋಟಾರು ವಾಹನ ತಿದ್ದುಪಡಿಯ 134ಎ ಕಲಂ ಒಳ್ಳೆ ಮನಸ್ಸಿನಿಂದ ಸಹಾಯ ಮಾಡಿದವನಿಗೆ ರಕ್ಷಣೆ ಕೊಟ್ಟಿದೆ, ಹೆಸರು ಹೇಳು ಅಂತ ನಿನ್ನನ್ನು ಬಲವಂತ ಮಾಡುವಂತಿಲ್ಲ. 108ಕ್ಕೆ ಫೋನ್ ಮಾಡು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿ ನಡುವೆ ಆಂಧ್ರದ ನೆಲವನ್ನು ಹಾಯುತ್ತದೆ. ಗಡಿಯಲ್ಲಿ ನಿನ್ನ ಫೋನು ಆ ಕಡೆಯ ಟವರ್ ಹಿಡಿದಿದ್ದರೆ ಕರೆಯೂ ಆ ಕಡೆಗೇ ಹೋಗಬಹುದು, ತೆಲುಗಿನಲ್ಲಿ ಮಾತಾಡುತ್ತಾರೆ. ಗಾಬರಿಯಾಗದೆ ರಾಜ್ಯ, ತಾಲ್ಲೂಕು, ಊರು, ಹತ್ತಿರದ ಗುಡಿಯನ್ನೋ ಕೆರೆಯನ್ನೋ ಬಿಡಿಸಿ ಹೇಳು. ನಿನಗೆ ತೆಲುಗು ಬಾರದು, ಪಾವಗಡದ ಹುಡುಗರ ಜೊತೆ ಕೂತು ಅಷ್ಟು ಮಾತನ್ನು ಈ ವಾರವೇ ಕಲಿತುಕೋ.